ಮೇಸ್ತ್ರಿ ಮುಂಗಡ ಕೊಟ್ಟು ಮಕ್ಕಳನ್ನು ಕರೆದೊಯ್ದರೆ ಗ್ರಾಮ ಪಂಚಾಯಿತಿ ಏನು ಮಾಡಬಹುದು?

ಪ್ರಶ್ನೆ: ಪಂಚಾಯಿತಿ ಸದಸ್ಯೆ

ನಾನು ಕಲ್ಯಾಣ ಕರ್ನಾಟಕದ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ದಸರಾ ರಜೆ ಮುಗಿದು ಮೂರು ತಿಂಗಳಾಗುತ್ತ ಬಂದರೂ ನಮ್ಮ ವಾರ್ಡಿನ ಮೂವರು ಮಕ್ಕಳು ಶಾಲೆಗೆ ಮರಳಿಲ್ಲ. ಇಬ್ಬರು ಹೆಣ್ಣುಮಕ್ಕಳನ್ನು ಹತ್ತಿ ಬೀಜೋತ್ಪಾದನೆಯ ಹೊಲಗಳಿಗೆ ಕರೆದೊಯ್ದಿದ್ದಾರೆ. ಹನ್ನೆರಡು ವರ್ಷದ ಒಬ್ಬ ಹುಡುಗನನ್ನು ಹೊರರಾಜ್ಯದಲ್ಲಿ ಕುರುಕಲು ತಿಂಡಿ ತಯಾರಿಸುವ ಘಟಕವೊಂದಕ್ಕೆ ಸೇರಿಸಿದ್ದಾರೆ ಎಂದು ಊರಿನಲ್ಲಿ ಎಲ್ಲರೂ ಹೇಳುತ್ತಾರೆ, ಆದರೆ ಆ ಘಟಕ ಯಾವ ಊರಿನಲ್ಲಿದೆ ಎಂಬುದು ಅವನ ತಾಯಿಗೂ ಗೊತ್ತಿಲ್ಲ. ಕರೆದೊಯ್ದವನು ಅಪರಿಚಿತನಲ್ಲ, ಕೂಲಿಗೆ ಆಳುಗಳನ್ನು ಒದಗಿಸುವ ಪಕ್ಕದ ಊರಿನ ಮೇಸ್ತ್ರಿ. ಹುಡುಗನ ತಂದೆಗೆ 18,000 ರೂಪಾಯಿ ಮುಂಗಡ ಕೊಟ್ಟು, ಒಂದು ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾನೆ. ಮೊದಲ ತಿಂಗಳು ವಾರಕ್ಕೊಮ್ಮೆ ಮೇಸ್ತ್ರಿಯ ಫೋನಿನಿಂದ ಹುಡುಗ ಮಾತನಾಡುತ್ತಿದ್ದ. ಈಗ ಅದೂ ನಿಂತಿದೆ.

ಪೊಲೀಸ್ ಠಾಣೆಗೆ ಹೋದರೆ, ತಂದೆಯೇ ಒಪ್ಪಿ ಕಳುಹಿಸಿರುವಾಗ ಅಪಹರಣ ಹೇಗಾಗುತ್ತದೆ ಎಂದು ಕೇಳಿದರು. ನಮ್ಮ ಪಂಚಾಯಿತಿಯಲ್ಲಿ ಮಹಿಳೆಯರ ಮತ್ತು ಮಕ್ಕಳ ಸಾಗಾಣಿಕೆ ತಡೆಗೆಂದು ರಚಿಸಿದ ಕಾವಲು ಸಮಿತಿಯೊಂದಿದೆ. ಅದರಲ್ಲಿ ನಾನೂ ಸದಸ್ಯೆ ಎಂಬುದು ನನಗೆ ತಿಳಿದದ್ದು ಕಳೆದ ವಾರ, ಪಿಡಿಒ ಅವರು ಹಳೆಯ ಕಡತ ತೆಗೆದು ತೋರಿಸಿದಾಗ. ಇನ್ನೂ ಒಂದು ವಿಷಯ ಹೇಳಲೇಬೇಕು: ಶಾಲೆಯ ಹಾಜರಿ ಪುಸ್ತಕದಲ್ಲಿ ಆ ಮೂವರ ಹೆಸರಿನ ಮುಂದೆ ಇಂದಿಗೂ ಹಾಜರಿ ಬೀಳುತ್ತಿದೆ. ಇದು ಮಕ್ಕಳ ಸಾಗಾಣಿಕೆಯೇ, ಅಥವಾ ಬರೀ ಬಾಲಕಾರ್ಮಿಕತನವೇ? ಪಂಚಾಯಿತಿಗೆ ಇದರಲ್ಲಿ ಯಾವ ಅಧಿಕಾರವಿದೆ?

ಉತ್ತರ: ತಾಲ್ಲೂಕು ವಕೀಲ

ಮೇಡಂ, ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ. ನೀವು ವಿವರಿಸಿರುವುದು, ಅದರಲ್ಲೂ ಆ ಹುಡುಗನ ವಿಚಾರ, ಮಾನವ ಸಾಗಾಣಿಕೆಯೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮು, ಶೋಷಣೆಯ ಉದ್ದೇಶದಿಂದ ವ್ಯಕ್ತಿಯನ್ನು ನೇಮಿಸಿಕೊಳ್ಳುವುದು, ಸಾಗಿಸುವುದು, ಇರಿಸಿಕೊಳ್ಳುವುದು, ಬೇರೊಬ್ಬರಿಗೆ ಒಪ್ಪಿಸುವುದು ಮತ್ತು ಪಡೆಯುವುದು ಇವೆಲ್ಲವನ್ನೂ ಅಪರಾಧವೆಂದು ಪರಿಗಣಿಸುತ್ತದೆ. ಬಲಪ್ರಯೋಗ, ವಂಚನೆಗಳ ಜೊತೆಗೆ, ಒಬ್ಬ ವ್ಯಕ್ತಿಯ ಮೇಲೆ ಹಿಡಿತವಿರುವವರ ಒಪ್ಪಿಗೆ ಪಡೆಯಲು ಹಣ ಕೊಡುವುದನ್ನೂ ಆಮಿಷವೆಂದೇ ಅದು ಹೆಸರಿಸಿದೆ. ಎಂದರೆ ತಂದೆಗೆ ಕೊಟ್ಟ ಮುಂಗಡ ಮೇಸ್ತ್ರಿಯ ರಕ್ಷಣೆಗೆ ಬರುವುದಿಲ್ಲ, ಅವನ ವಿರುದ್ಧದ ಸಾಕ್ಷ್ಯವಾಗುತ್ತದೆ. ಸಾಗಾಣಿಕೆಗೆ ಒಳಗಾದವರ ಒಪ್ಪಿಗೆ ಲೆಕ್ಕಕ್ಕಿಲ್ಲ ಎಂದೂ ಅದೇ ಕಲಮಿನಲ್ಲಿದೆ. ಮಗುವನ್ನು ಸಾಗಿಸಿದರೆ ಕನಿಷ್ಠ 10 ವರ್ಷ, ಒಂದಕ್ಕಿಂತ ಹೆಚ್ಚು ಮಕ್ಕಳನ್ನು ಸಾಗಿಸಿದರೆ ಕನಿಷ್ಠ 14 ವರ್ಷ ಶಿಕ್ಷೆ, ಎರಡಕ್ಕೂ ಜೀವಾವಧಿಯವರೆಗೆ ಅವಕಾಶವಿದೆ.

ಠಾಣೆಯಲ್ಲಿ ಸಾಮಾನ್ಯವಾಗಿ ನಡೆಯುವುದೇನೆಂದರೆ, ಬಾಲಕಾರ್ಮಿಕ ಕಾಯ್ದೆಯೊಂದನ್ನೇ ಹಾಕಿ, ದಂಡದಲ್ಲಿ ಮುಗಿಯುವ ಪ್ರಕರಣವಾಗಿ ಮಾಡಿಬಿಡುತ್ತಾರೆ. ಬಾಲನ್ಯಾಯ ಕಾಯ್ದೆಯ 79ನೇ ಕಲಮು ಮಗುವನ್ನು ಜೀತದಲ್ಲಿಟ್ಟು ದುಡಿಸುವವರಿಗೆ ಐದು ವರ್ಷದವರೆಗೆ ಶಿಕ್ಷೆ ವಿಧಿಸುತ್ತದೆಯಾದರೂ, 2021ರ ತಿದ್ದುಪಡಿಯ ನಂತರ ಇಂತಹ ಹಲವು ಅಪರಾಧಗಳಲ್ಲಿ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತಾವಾಗಿ ತನಿಖೆ ನಡೆಸುವಂತಿಲ್ಲ ಎಂದಾಗಿದೆ. ಮಕ್ಕಳನ್ನು ರಕ್ಷಿಸಬೇಕಾದ ಕಾಯ್ದೆಯನ್ನೇ ಹೀಗೆ ಮೊಂಡುಗೊಳಿಸಿದ್ದು ಏಕೆಂದು ನನಗೆ ಇಂದಿಗೂ ಅರ್ಥವಾಗಿಲ್ಲ. ಆದ್ದರಿಂದ ದೂರಿನಲ್ಲಿಯೇ 143ನೇ ಕಲಮನ್ನು ಮತ್ತು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯನ್ನು ಹೆಸರಿಸಿ ಬರೆಯಿರಿ. ಹುಡುಗ ಹೊರರಾಜ್ಯದಲ್ಲಿದ್ದಾನೆ ಎಂಬ ಕಾರಣಕ್ಕೆ ದೂರನ್ನು ನಿರಾಕರಿಸುವಂತಿಲ್ಲ, ಘಟನೆ ಎಲ್ಲಿಯೇ ನಡೆದಿದ್ದರೂ ಯಾವುದೇ ಠಾಣೆ ಅದನ್ನು ದಾಖಲಿಸಿಕೊಳ್ಳಬೇಕು. ಇನ್ನು ಮಗು ಎಲ್ಲಿದೆ ಎಂಬುದು ತಾಯಿಗೇ ತಿಳಿಯದ ಮೇಲೆ ಅದು ಕಾಣೆಯಾದ ಮಗು. ಕಾಣೆಯಾದ ಮಗುವಿನ ಪ್ರತಿ ದೂರಿಗೂ ಎಫ್‌ಐಆರ್ ಆಗಬೇಕು, ಅಪಹರಣ ಅಥವಾ ಸಾಗಾಣಿಕೆ ಎಂದೇ ಮೊದಲು ಭಾವಿಸಬೇಕು ಎಂದು ಸುಪ್ರೀಂ ಕೋರ್ಟ್ 2013ರ ಮೇ ತಿಂಗಳಲ್ಲಿಯೇ ಹೇಳಿದೆ. ನಾಲ್ಕು ತಿಂಗಳಲ್ಲಿ ಪತ್ತೆಯಾಗದಿದ್ದರೆ ತನಿಖೆ ಮಾನವ ಸಾಗಾಣಿಕೆ ತಡೆ ಘಟಕಕ್ಕೆ ಹೋಗಬೇಕು.

ತಂದೆಯ ಬಳಿ ಆ ಹೆಬ್ಬೆಟ್ಟಿನ ಹಾಳೆಯ ಪ್ರತಿ ಇದ್ದರೆ ಮೊದಲು ಅದರ ಫೋಟೊ ತೆಗೆದಿಡಿ. ಮಕ್ಕಳ ಫೋಟೊವನ್ನು ಮಾತ್ರ ಯಾವ ವಾಟ್ಸ್‌ಆ್ಯಪ್ ಗುಂಪಿಗೂ ಹಾಕಬೇಡಿ. ಸಂತ್ರಸ್ತ ಮಗುವಿನ ಗುರುತು ಬಹಿರಂಗಪಡಿಸುವುದೂ ಬಾಲನ್ಯಾಯ ಕಾಯ್ದೆಯಡಿ ಅಪರಾಧ.

ಉತ್ತರ: ನಿವೃತ್ತ ಮುಖ್ಯೋಪಾಧ್ಯಾಯ

ಹಾಜರಿ ಪುಸ್ತಕದ ವಿಷಯ ಓದಿ ಸುಮ್ಮನಿರಲಾಗಲಿಲ್ಲ. ನಾನೂ ಹಾಗೆ ಹಾಜರಿ ಹಾಕಿದವನೇ. ಮಕ್ಕಳ ಸಂಖ್ಯೆ ಇಳಿದರೆ ಒಬ್ಬ ಶಿಕ್ಷಕರು ಹೆಚ್ಚುವರಿ ಎಂದಾಗಿ ಬೇರೆ ಶಾಲೆಗೆ ಹೋಗುತ್ತಾರೆ, ಇದ್ದ ಇಬ್ಬರೇ ಐದು ತರಗತಿ ನಡೆಸಬೇಕಾಗುತ್ತದೆ, ಮೇಲಿನವರು ಕಾರಣ ಕೇಳಿ ನೋಟಿಸು ಕೊಡುತ್ತಾರೆ. ಹೊಲದ ಕೆಲಸ ಮುಗಿದ ಮೇಲೆ ಮಗು ಹೇಗೂ ಬರುತ್ತದೆ ಎಂದು ನಮಗೆ ನಾವೇ ಹೇಳಿಕೊಂಡು ಸಹಿ ಮಾಡುತ್ತಿದ್ದೆವು. ಕೆಲವು ಮಕ್ಕಳು ಬಂದರು. ಒಬ್ಬಳು ನಾಲ್ಕು ವರ್ಷದ ನಂತರ ಕಂಕುಳಲ್ಲಿ ಮಗುವನ್ನೆತ್ತಿಕೊಂಡು, ಜನ್ಮ ದಿನಾಂಕದ ದಾಖಲೆ ಕೇಳಲು ಬಂದಳು.

ಆ ಸಹಿಯಿಂದ ಆಗುವ ಅನರ್ಥ ಏನೆಂಬುದು ನನಗೆ ತಡವಾಗಿ ತಿಳಿಯಿತು. ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ಕರ್ನಾಟಕ ಹೈಕೋರ್ಟ್ 2013ರಲ್ಲಿ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡ ನಂತರ ನಮ್ಮ ರಾಜ್ಯದ ನಿಯಮ ಬಿಗಿಯಾಯಿತು. ಏಳು ದಿನ ಸತತವಾಗಿ, ಕಾರಣ ತಿಳಿಸದೆ ಗೈರಾದ ಮಗುವನ್ನು ಹೊರಗುಳಿದ ಮಗು ಎಂದು ಪರಿಗಣಿಸಿ ಹುಡುಕಿಕೊಂಡು ಹೋಗಬೇಕು. ಈ ಏಳು ದಿನದ ಗೈರು ಇಡೀ ವ್ಯವಸ್ಥೆಯಲ್ಲಿ ಮೊದಲು ಬಾರಿಸಬೇಕಾದ ಗಂಟೆ. ಮೇಸ್ತ್ರಿ ಆಗಿನ್ನೂ ಮಕ್ಕಳನ್ನು ತಾಲ್ಲೂಕು ದಾಟಿಸಿರುತ್ತಾನಷ್ಟೆ, ಅವನ ಫೋನು ಇನ್ನೂ ಸಂಪರ್ಕಕ್ಕೆ ಸಿಗುತ್ತಿರುತ್ತದೆ. ನಾವು ಹಾಜರಿ ಹಾಕಿದೊಡನೆ ಆ ಗಂಟೆಯ ನಾಲಗೆ ಕಿತ್ತಂತಾಯಿತು. ನಾಳೆ ನ್ಯಾಯಾಲಯದಲ್ಲಿ ಮೇಸ್ತ್ರಿಯ ವಕೀಲರು, ಆ ದಿನ ಮಗು ಶಾಲೆಯಲ್ಲಿಯೇ ಇತ್ತಲ್ಲ ಎಂದು ಅದೇ ಪುಸ್ತಕವನ್ನು ಎತ್ತಿ ತೋರಿಸಬಹುದು. ಆದ್ದರಿಂದ ಮೇಡಂ, ಶಾಲೆಯವರನ್ನು ಬೈಯದೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕರೆದು, ಆ ಮೂವರು ಯಾವ ದಿನದಿಂದ ಬಂದಿಲ್ಲ ಎಂಬುದನ್ನು ನಡಾವಳಿಯಲ್ಲಿ ಬರೆಸಿ. ಶಿಕ್ಷಕರಿಗೂ ಅದರಿಂದ ಸ್ವಲ್ಪ ಧೈರ್ಯ ಬರುತ್ತದೆ.

ಮಕ್ಕಳ ಗ್ರಾಮಸಭೆಯನ್ನೂ ಬಳಸಿಕೊಳ್ಳಿ. ಬಹುತೇಕ ಕಡೆ ಅದು ಬಿಸ್ಕತ್ತು ಹಂಚಿ ಭಾಷಣ ಮಾಡುವ ಕಾರ್ಯಕ್ರಮವಾಗಿದೆ, ಆದರೆ ಯಾರ ಮನೆಗೆ ಯಾವ ಮೇಸ್ತ್ರಿ ಬಂದಿದ್ದ ಎಂಬುದು ಆರನೇ ತರಗತಿಯ ಮಕ್ಕಳಿಗೆ ತಿಳಿದಷ್ಟು ಪಿಡಿಒಗೂ ತಿಳಿದಿರುವುದಿಲ್ಲ. ಕುಂದಾಪುರದ ಕಡೆ 1990ರ ದಶಕದಲ್ಲಿಯೇ ಮಕ್ಕಳ ಪಂಚಾಯಿತಿಗಳನ್ನು ಕಟ್ಟಿದವರು ಇದನ್ನು ಚೆನ್ನಾಗಿ ಅರಿತಿದ್ದರು. ಅಲ್ಲಿ ದುಡಿಯುವ ಮಕ್ಕಳೂ ಮತದಾರರಾಗಿದ್ದರು.

ಉತ್ತರ: ಗುಳೆ ಕುಟುಂಬದವನು

ಮೇಲಿನ ಇಬ್ಬರ ಮಾತನ್ನು ಒಪ್ಪುತ್ತೇನೆ, ಆದರೂ ಒಂದು ಎಚ್ಚರಿಕೆ ಹೇಳಬೇಕಾಗಿದೆ. ನನ್ನ ತಂದೆ ತಾಯಿ ವರ್ಷದಲ್ಲಿ ಆರು ತಿಂಗಳು ಇಟ್ಟಿಗೆ ಭಟ್ಟಿಯಲ್ಲಿ ದುಡಿದವರು. ಊರಿನಲ್ಲಿ ನೋಡಿಕೊಳ್ಳುವವರಿಲ್ಲದ ಕಾರಣ ನನ್ನನ್ನೂ ತಂಗಿಯನ್ನೂ ಜೊತೆಗೆ ಕರೆದೊಯ್ಯುತ್ತಿದ್ದರು. ಕಾವಲು ಸಮಿತಿ, ತಪಾಸಣೆ ಎಂದು ಆರಂಭವಾದರೆ, ಬಸ್ ನಿಲ್ದಾಣದಲ್ಲಿ ಗಂಟುಮೂಟೆಯೊಂದಿಗೆ ನಿಂತ ಪ್ರತಿಯೊಬ್ಬ ಬಡವನೂ ತನ್ನ ಮಗುವನ್ನು ಮಾರಲು ಹೊರಟವನಂತೆ ಕಾಣತೊಡಗುತ್ತಾನೆ. ಹಾಗೆ ಹಿಡಿದು ನಿಲ್ಲಿಸಿದರೆ ಜನ ಹಗಲು ಬಸ್ಸು ಬಿಟ್ಟು ರಾತ್ರಿ ಟೆಂಪೊ ಹತ್ತುತ್ತಾರೆ, ಆಗ ಮಕ್ಕಳು ಯಾರ ಕಣ್ಣಿಗೂ ಬೀಳುವುದಿಲ್ಲ.

ತಂದೆ ತಾಯಿಯ ಜೊತೆ ಭಟ್ಟಿಗೆ ಹೋದ ಮಗುವಿಗೆ ಬೇಕಾದದ್ದು ಊರಿನಲ್ಲಿ ಋತುಮಾನದ ವಸತಿ ನಿಲಯ ಅಥವಾ ಭಟ್ಟಿಯ ಹತ್ತಿರ ಟೆಂಟ್ ಶಾಲೆ. ಒಂಟಿಯಾಗಿ ಮೇಸ್ತ್ರಿಯ ಜೊತೆ ಹೋದ ಮಗುವಿಗೆ ಬೇಕಾದದ್ದು ಎಫ್‌ಐಆರ್. ಈ ಎರಡನ್ನೂ ಒಂದೇ ಪಟ್ಟಿಗೆ ಸೇರಿಸಬೇಡಿ. ನಮ್ಮ ಊರಿನಲ್ಲಿ ಈಗ ಪಂಚಾಯಿತಿಯಲ್ಲಿ ವಲಸೆ ಹೋಗುವವರ ಒಂದು ಪುಸ್ತಕ ಇಟ್ಟಿದ್ದೇವೆ. ಯಾರು, ಎಲ್ಲಿಗೆ, ಯಾವ ಮೇಸ್ತ್ರಿಯ ಮೂಲಕ, ಎಷ್ಟು ಮುಂಗಡಕ್ಕೆ, ಮಕ್ಕಳು ಯಾರೊಂದಿಗಿದ್ದಾರೆ ಎಂದಷ್ಟೇ ಬರೆದುಕೊಳ್ಳುತ್ತೇವೆ. ಹೋಗಬೇಡಿ ಎಂದು ಯಾರಿಗೂ ಹೇಳುವುದಿಲ್ಲ, ಅದಕ್ಕೇ ಜನ ನಿಜ ಹೇಳುತ್ತಾರೆ. ಇನ್ನೊಂದು ಮಾತು, ಆ ತಂದೆಯನ್ನು ಊರ ಮುಂದೆ ಆರೋಪಿಯಂತೆ ನಿಲ್ಲಿಸಬೇಡಿ. ಅವನು ಬಾಯಿ ಮುಚ್ಚಿಕೊಂಡರೆ ಮೇಸ್ತ್ರಿಯ ವಿರುದ್ಧ ಮಾತನಾಡುವವರು ಯಾರೂ ಉಳಿಯುವುದಿಲ್ಲ.

ಮರುಪ್ರಶ್ನೆ: ಪಂಚಾಯಿತಿ ಸದಸ್ಯೆ

ಎಲ್ಲರಿಗೂ ವಂದನೆಗಳು. ತಂದೆಯ ಬಗ್ಗೆ ನೀವು ಹೇಳಿದ್ದು ನಿಜ, ಮೊನ್ನೆ ನಾನೇ ಅವನಿಗೆ ಗದರಿ ಬಂದಿದ್ದೆ. ಅವನ ಭಯ ಒಂದೇ: ಮಗನನ್ನು ಕರೆಸಿಕೊಂಡರೆ 18,000 ರೂಪಾಯಿಯನ್ನು ಎಲ್ಲಿಂದ ತಂದು ಕೊಡಲಿ ಎಂದು ಕೇಳುತ್ತಾನೆ. ಹಣ ತೀರುವವರೆಗೆ ಬಿಡುವುದಿಲ್ಲ ಎಂದು ಮೇಸ್ತ್ರಿ ಹೇಳಿದ್ದಾನಂತೆ. ಇದಕ್ಕೆ ಏನು ಉತ್ತರ ಹೇಳಲಿ?

ಉತ್ತರ: ಮಕ್ಕಳ ಕಲ್ಯಾಣ ಸಮಿತಿಯ ಮಾಜಿ ಸದಸ್ಯೆ

ಆ ಪ್ರಶ್ನೆಗೆ ಉತ್ತರ ಸಿಗದ ಕಾರಣದಿಂದಲೇ ರಕ್ಷಿಸಿ ತಂದ ಮಕ್ಕಳು ಮತ್ತೆ ಹೋಗುತ್ತಾರೆ. ನಾನು ಸಮಿತಿಯಲ್ಲಿದ್ದಾಗ ಕಂಡ ಒಂದು ದೃಶ್ಯ ಇಂದಿಗೂ ಕಣ್ಣ ಮುಂದಿದೆ. ಬಾಲಮಂದಿರದಲ್ಲಿದ್ದ ಹುಡುಗನನ್ನು ತಂದೆಗೆ ಒಪ್ಪಿಸುವ ದಿನ, ಇನ್ನು ಮುಂದೆ ಕೆಲಸಕ್ಕೆ ಕಳುಹಿಸುವುದಿಲ್ಲ ಎಂದು ತಂದೆಯಿಂದ ಮುಚ್ಚಳಿಕೆ ಬರೆಸಿಕೊಂಡೆವು. ಕಿಟಕಿಯಿಂದ ನೋಡಿದರೆ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಬೈಕ್ ನಿಲ್ಲಿಸಿಕೊಂಡು ಒಬ್ಬ ಕಾಯುತ್ತಿದ್ದ. ತಂದೆ ಮಗ ಇಬ್ಬರೂ ಅದೇ ಬೈಕಿನಲ್ಲಿ ಹೋದರು. ಐದು ತಿಂಗಳಿಗೆ ಅದೇ ಹುಡುಗ ಮತ್ತೊಂದು ದಾಳಿಯಲ್ಲಿ ಸಿಕ್ಕ. ಸಾಲದ ಗಂಟನ್ನು ಬಿಚ್ಚದೆ ಮುಚ್ಚಳಿಕೆ ಬರೆಸಿದ ತಪ್ಪು ನಮ್ಮದೇ.

ಆ ತಂದೆಗೆ ನೀವು ಹೇಳಬೇಕಾದದ್ದು ಇದು: 1976ರ ಕಾಯ್ದೆಯ ಪ್ರಕಾರ ಜೀತದ ಸಾಲವನ್ನು ತೀರಿಸುವ ಹೊಣೆಯೇ ಇಲ್ಲ, ಅದು ಜೀತದ ಸಾಲವಲ್ಲ ಎಂದು ರುಜುವಾತುಪಡಿಸುವ ಭಾರ ಕೊಟ್ಟವನ ಮೇಲಿದೆ. ಆದರೆ ಈ ಮಾತು ಬಾಯಿಮಾತಾಗಿ ಉಳಿಯಬಾರದು, ಉಪವಿಭಾಗಾಧಿಕಾರಿಯವರಿಂದ ಬಿಡುಗಡೆ ಪತ್ರ ಸಿಗಬೇಕು. ಅದಿದ್ದರೆ ಕೇಂದ್ರದ ಪುನರ್ವಸತಿ ಯೋಜನೆಯಡಿ ತಕ್ಷಣಕ್ಕೆ 30,000 ರೂಪಾಯಿಯವರೆಗೆ ನೆರವು, ಮಕ್ಕಳಿಗೆ ಒಟ್ಟು 2 ಲಕ್ಷ ರೂಪಾಯಿಯ ಪುನರ್ವಸತಿ ಇದೆ. ದೊಡ್ಡ ಮೊತ್ತವನ್ನು ಆರೋಪಿಗೆ ಶಿಕ್ಷೆಯಾಗುವುದಕ್ಕೆ ತಳಕು ಹಾಕಿರುವುದು ಈ ಯೋಜನೆಯ ದೊಡ್ಡ ದೋಷ, ಪ್ರಕರಣ ಮುಗಿಯುವಷ್ಟರಲ್ಲಿ ಹುಡುಗನಿಗೆ ಮೀಸೆ ಬಂದಿರುತ್ತದೆ. ಆದ್ದರಿಂದ ನಾನು ಯಾವಾಗಲೂ ತಕ್ಷಣದ ನೆರವನ್ನು ಮತ್ತು ಮಕ್ಕಳ ರಕ್ಷಣೆಗಿರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವವನ್ನು ಮೊದಲು ಕೇಳಿ ಎನ್ನುತ್ತೇನೆ. ಅದರಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಬರುತ್ತದೆ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಬೇಕು.

ನೀವು ಇಂದೇ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೂ ಬರೆಯಿರಿ. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರ ಆ ಪೀಠಕ್ಕೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ, ಮಗು ಇರುವ ಜಿಲ್ಲೆಯ ಸಮಿತಿಯೊಂದಿಗೆ ಅದೇ ಮಾತನಾಡಬಲ್ಲದು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದ ದಿನಾಂಕ, ಸಮಯಗಳನ್ನು ಬರೆದಿಟ್ಟುಕೊಳ್ಳಿ. 1996ರಲ್ಲಿ ಮುಂಬೈಯಲ್ಲಿ ಆರಂಭವಾದ ಆ ಸಹಾಯವಾಣಿಯನ್ನು 2023ರಿಂದ ಸರ್ಕಾರವೇ ತುರ್ತು ಸಂಖ್ಯೆ 112ರೊಂದಿಗೆ ಜೋಡಿಸಿ ನಡೆಸುತ್ತಿದೆ. ಪೊಲೀಸರು ಬೇಗ ತಲುಪಬಹುದಾದ ಅನುಕೂಲವಿದೆ, ಆದರೆ ಮೊದಲಿನ ಸಂಸ್ಥೆಗಳ ಕಾರ್ಯಕರ್ತರಂತೆ ಮರುವಾರ ಮತ್ತೆ ಮನೆಗೆ ಬಂದು ವಿಚಾರಿಸುವವರು ಕಡಿಮೆಯಾಗಿದ್ದಾರೆ ಎಂಬುದು ನನ್ನ ಅನುಭವ. ಆ ಜಾಗವನ್ನು ತುಂಬಬಲ್ಲವರು ನಿಮ್ಮ ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ ಮತ್ತು ನೀವು.

ಹುಡುಗ ಸಿಕ್ಕ ಮೇಲೆ ಅವನ ಹೇಳಿಕೆಯಲ್ಲಿ ಸಣ್ಣ ವ್ಯತ್ಯಾಸಗಳಿದ್ದರೆ ಗಾಬರಿಯಾಗಬೇಡಿ. ಬೆಂಗಳೂರಿನ ಪೀಣ್ಯ ಠಾಣೆಯ ಪ್ರಕರಣವೊಂದರಲ್ಲಿ 2025ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಸಾಗಾಣಿಕೆಗೆ ಒಳಗಾದ ಮಗುವನ್ನು ಅಪರಾಧದ ಪಾಲುದಾರಳಂತೆ ಕಾಣಬಾರದು, ಗಾಯಗೊಂಡ ಸಾಕ್ಷಿಯ ಮಾತಿಗೆ ಕೊಡುವ ಬೆಲೆಯನ್ನು ಆ ಮಗುವಿನ ಮಾತಿಗೆ ಕೊಡಬೇಕು ಎಂದು ಹೇಳಿದೆ.

ಪ್ರತಿಕ್ರಿಯೆ: ಪಂಚಾಯಿತಿ ಸದಸ್ಯೆ

ನಿನ್ನೆ ಕಾವಲು ಸಮಿತಿಯ ಮೊದಲ ಸಭೆ ನಡೆಯಿತು. ಹನ್ನೊಂದು ಸದಸ್ಯರಲ್ಲಿ ಏಳು ಮಂದಿ ಬಂದಿದ್ದರು. ಮೂವರು ಮಕ್ಕಳ ಬಗ್ಗೆ ಠರಾವು ಮಾಡಿ, ಠಾಣೆಗೆ, ಮಕ್ಕಳ ಕಲ್ಯಾಣ ಸಮಿತಿಗೆ, ಉಪವಿಭಾಗಾಧಿಕಾರಿಯವರಿಗೆ ಮತ್ತು ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರಿಗೆ ಪ್ರತ್ಯೇಕ ಪತ್ರ ಕೊಟ್ಟು ನಾಲ್ಕಕ್ಕೂ ಸ್ವೀಕೃತಿ ಮೊಹರು ಹಾಕಿಸಿಕೊಂಡಿದ್ದೇನೆ. ಠಾಣೆಯಲ್ಲಿ ಹುಡುಗನ ತಾಯಿಯೇ ದೂರುದಾರಳು. ಠರಾವಿನ ಪ್ರತಿ ಮತ್ತು 143ನೇ ಕಲಮು ಕಂಡ ಮೇಲೆ ಪೊಲೀಸರು ಮೊದಲಿನಂತೆ ವಾದಿಸಲಿಲ್ಲ, ಸಂಜೆಯೊಳಗೆ ಎಫ್‌ಐಆರ್ ಪ್ರತಿ ಕೈಗೆ ಬಂತು. ಹೆಣ್ಣುಮಕ್ಕಳಿಬ್ಬರನ್ನು ಮೇಸ್ತ್ರಿ ಇಂದು ಬೆಳಿಗ್ಗೆ ತಾನಾಗಿಯೇ ಊರ ಅಗಸಿಯ ಹತ್ತಿರ ಇಳಿಸಿ ಹೋಗಿದ್ದಾನೆ. ಒಬ್ಬಳ ಅಂಗೈ ತುಂಬ ಬಿರುಕು, ಔಷಧಿ ಹೊಡೆದ ಹೊಲದಲ್ಲಿ ಕೆಲಸ ಮಾಡಿದ್ದಂತೆ. ವೈದ್ಯಕೀಯ ತಪಾಸಣೆ ಮಾಡಿಸಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಲು ನಾಳೆ ಕರೆದೊಯ್ಯುತ್ತಿದ್ದೇವೆ. ಮರಳಿ ಬಂದಾಯಿತಲ್ಲ, ಇನ್ನೇಕೆ ಪ್ರಕರಣ ಎಂದು ಕೆಲವರು ಕೇಳುತ್ತಿದ್ದಾರೆ.

ಹುಡುಗ ಇನ್ನೂ ಸಿಕ್ಕಿಲ್ಲ. ಮೇಸ್ತ್ರಿ ಕೊನೆಯ ಸಲ ಕರೆ ಮಾಡಿದ್ದ ಸಂಖ್ಯೆಯನ್ನು ಪೊಲೀಸರಿಗೆ ಕೊಟ್ಟಿದ್ದೇವೆ. ಶಾಲೆಯ ಪುಸ್ತಕದಲ್ಲಿ ಇಂದು ಅವನ ಹೆಸರಿನ ಮುಂದೆ ಗೈರು ಎಂದು ಬರೆದಿದ್ದಾರೆ.