ವಿಂಡೋಸ್‌ನಲ್ಲಿ ಶೇರ್ಡ್ ಲೈಬ್ರರಿಗೆ ಇಂಪೋರ್ಟ್ ಲೈಬ್ರರಿ ಸಿಗುತ್ತಿಲ್ಲ

ಪ್ರಶ್ನೆ: ಸಿಮೇಕ್ ಎಂಬ ಬಿಲ್ಡ್ ಸಾಧನ ಬಳಸಿ ಬಿಲ್ಡ್ ಮಾಡುವ ನನ್ನ ಸಿ ಪ್ಲಸ್ ಪ್ಲಸ್ ಲೈಬ್ರರಿಯು ಲಿನಕ್ಸ್‌ನಲ್ಲಿ ತೊಡಕಿಲ್ಲದೆ ಸಿದ್ಧವಾಗುತ್ತದೆ, ವಿಂಡೋಸ್‌ನಲ್ಲಿ ಮಾತ್ರ ಡಿಎಲ್‌ಎಲ್ (ವಿಂಡೋಸ್‌ನ ಶೇರ್ಡ್ ಲೈಬ್ರರಿ ಫೈಲ್) ಬರುತ್ತದೆ, ಬೇರೆ ಪ್ರೋಗ್ರಾಂ ಅನ್ನು ಅದಕ್ಕೆ ಲಿಂಕ್ ಮಾಡಲು ಬೇಕಾದ ಇಂಪೋರ್ಟ್ ಲೈಬ್ರರಿ ಬರುವುದಿಲ್ಲ. ಕಾರಣವೇನಿರಬಹುದು?

ಉತ್ತರ 1: ಲಿನಕ್ಸ್‌ನಲ್ಲಿ ಜಿಸಿಸಿ ಕಂಪೈಲರ್ ಸಾಮಾನ್ಯವಾಗಿ ಸಿಂಬಲ್‌ಗಳನ್ನು (ಫಂಕ್ಷನ್, ವೇರಿಯಬಲ್‌ಗಳ ಹೆಸರುಗಳನ್ನು) ತಾನಾಗಿಯೇ ಎಕ್ಸ್‌ಪೋರ್ಟ್ ಮಾಡುತ್ತದೆ, ಅಂದರೆ ಬೇರೆ ಪ್ರೋಗ್ರಾಂಗಳಿಗೆ ಕಾಣುವಂತೆ ಮಾಡುತ್ತದೆ. ಮೈಕ್ರೋಸಾಫ್ಟ್ ಕಂಪೈಲರ್ ಹಾಗಲ್ಲ. ಕೋಡ್‌ನಲ್ಲಿ ಡಿಎಲ್‌ಎಲ್‌ಎಕ್ಸ್‌ಪೋರ್ಟ್ ಎಂದು ನೀವು ಒಂದು ಸಿಂಬಲ್ ಅನ್ನೂ ಗುರುತಿಸದಿದ್ದರೆ ಇಂಪೋರ್ಟ್ ಲೈಬ್ರರಿ ಹುಟ್ಟುವುದೇ ಇಲ್ಲ. ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡುವ ಆಯ್ಕೆ ಸಿಮೇಕ್ 3.4ರಿಂದ ಇದೆಯಾದರೂ, ಲೈಬ್ರರಿಯನ್ನು ಬಳಸುವ ಕಡೆ ಗ್ಲೋಬಲ್ ವೇರಿಯಬಲ್‌ಗಳಿಗೆ ಡಿಎಲ್‌ಎಲ್‌ಇಂಪೋರ್ಟ್ ಎಂಬ ಗುರುತು ಬೇಕೇ ಬೇಕಾಗುವುದರಿಂದ, ಈ ಎರಡು ಗುರುತುಗಳಲ್ಲಿ ಸಂದರ್ಭಕ್ಕೆ ತಕ್ಕದ್ದನ್ನು ಹಾಕುವ ಮ್ಯಾಕ್ರೊವನ್ನು ಹೆಡರ್‌ನಲ್ಲಿ ಬರೆಯುವುದೇ ನನ್ನ ದೃಷ್ಟಿಯಲ್ಲಿ ಸರಿಯಾದ ದಾರಿ.

ಉತ್ತರ 2: ಮ್ಯಾಕ್‌ಓಎಸ್‌ಗೂ ಒಯ್ಯುವುದಾದರೆ, ಅಲ್ಲಿ ಲೈಬ್ರರಿಯ ಇನ್‌ಸ್ಟಾಲ್ ನೇಮ್ (ಪ್ರೋಗ್ರಾಂ ಅದನ್ನು ಹುಡುಕಲು ಬಳಸುವ ಹೆಸರು) ಅದರೊಳಗೇ ದಾಖಲಾಗಿರುತ್ತದೆ ಎಂಬುದು ಗಮನದಲ್ಲಿರಲಿ. ಪ್ರೋಗ್ರಾಂ ಚಾಲನೆಯಾಗುವಾಗ ಲೈಬ್ರರಿ ಸಿಗದಿದ್ದರೆ ಓಟೂಲ್ ಎಂಬ ಕಮಾಂಡ್‌ನಿಂದ ಆ ಹೆಸರನ್ನು ಪರೀಕ್ಷಿಸಿ.

ಪ್ರಶ್ನೆ ಕೇಳಿದವರು: ಮ್ಯಾಕ್ರೊ ಸೇರಿಸಿದ ಬಳಿಕ ಇಂಪೋರ್ಟ್ ಲೈಬ್ರರಿ ಬಂದಿದೆ. ಇಬ್ಬರಿಗೂ ಧನ್ಯವಾದಗಳು.