ನೆಟಿಕೆ ಮುರಿಯುವುದಕ್ಕೆ ಪದವಿದೆ, ಅದನ್ನು ಕೇಳಿ ಆಗುವ ಸಂಕಟಕ್ಕೆ?

ಪಕ್ಕದಲ್ಲಿ ಕೂತವರು ಒಂದೊಂದೇ ಬೆರಳು ಎಳೆದು ಲಟಲಟ ಅಂತ ನೆಟಿಕೆ ಮುರಿಯಲು ಶುರು ಮಾಡಿದರೆ ಸಾಕು, ನಾನು ಓದುತ್ತಿದ್ದ ಸಾಲು ತಪ್ಪಿಹೋಗುತ್ತದೆ. ಒಂದು ಕೈ ಮುಗಿದರೂ ಸಮಾಧಾನವಿಲ್ಲ. ಇನ್ನೊಂದು ಕೈ ಬಾಕಿ ಇದೆ ಅಂತ ಮೈಯೆಲ್ಲ ಬಿಗಿಹಿಡಿದು ಕಾಯುತ್ತೇನೆ. ಸದ್ದಿಗಿಂತ ಆ ಕಾಯುವುದೇ ಜಾಸ್ತಿ ಹಿಂಸೆ. ಇದಕ್ಕೆ ಕನ್ನಡದಲ್ಲಿ ಏನನ್ನಬೇಕು?

ಮುರಿಯುವ ಕೆಲಸಕ್ಕಂತೂ ಪದಗಳಿಗೆ ಬರವಿಲ್ಲ. ನೆಟಿಕೆ, ನೆಟಿಗೆ, ಲಟಿಕೆ ಎಲ್ಲವೂ ಇವೆ. ಕೆಲವರು ಚಿಟಿಕೆ ಅಂತಲೂ ಬರೆಯುತ್ತಾರೆ, ಅದು ಸರಿಯಲ್ಲ. ಚಿಟಿಕೆ ಹೊಡೆಯುವುದು ಹೆಬ್ಬೆರಳಿಗೆ ನಡುಬೆರಳು ಒತ್ತಿ ಜಾರಿಸಿ. ಅಲ್ಲಿ ಬೆರಳು ಅಂಗೈಗೆ ಬಡಿದು ಸದ್ದಾಗುತ್ತದೆ. ನೆಟಿಕೆಯ ಸದ್ದು ಕೀಲಿನ ಒಳಗಿನದು.

ಇನ್ನು ‘ಮುರಿ’. ನಿಜವಾಗಿ ಅಲ್ಲಿ ಏನೂ ಮುರಿಯುವುದಿಲ್ಲ. ಕೀಲು ಎಳೆದಾಗ ಒಳಗಿನ ದ್ರವದ ಒತ್ತಡ ಇಳಿದು ಅನಿಲದ ಗುಳ್ಳೆ ಮೂಡುತ್ತದೆ. 2015ರಲ್ಲಿ ಎಂಆರ್‌ಐ ಯಂತ್ರದೊಳಗೆ ಬೆರಳು ಎಳೆದು ನೋಡಿದಾಗ, ಸದ್ದಾದ ಹೊತ್ತಿಗೇ ಕೀಲಿನಲ್ಲಿ ಒಂದು ಪೊಳ್ಳು ಕಾಣಿಸಿಕೊಂಡಿತ್ತು. ಹಾಗಾದರೆ ‘ಮುರಿ’ ಎಲ್ಲಿಂದ ಬಂತು? ಹಳಗನ್ನಡದಲ್ಲಿ ಬಾಗು, ತಿರುಗು ಅನ್ನುವ ‘ಮುರಿ’ ಬೇರೆ, ತುಂಡಾಗು ಅನ್ನುವ ‘ಮುಱಿ’ ಬೇರೆ. ನೆಟಿಕೆಯದು ಮೊದಲನೆಯದೇ ಅಂದುಕೊಂಡಿದ್ದೆ, ಬೆರಳನ್ನು ಬಾಗಿಸುತ್ತೇವಲ್ವಾ. ಆದರೆ ತಮಿಳಿನ ‘ನೆಟ್ಟಿ ಮುಱಿ’ಯಲ್ಲಿ ಇರುವುದು ಎರಡನೆಯದು. ತೆಲುಗಿನವರು ‘ಮೆಟಿಕಲು ವಿರುಚು’ ಅನ್ನುತ್ತಾರೆ, ವಿರುಚು ಅಂದರೂ ತುಂಡು ಮಾಡುವುದೇ. ಒಣಕಡ್ಡಿ ಮುರಿದ ಹಾಗೆ ಕೇಳಿಸಿದ್ದಕ್ಕೇ ಈ ಪದ ಬಂದಿದೆ ಅಂತ ಈಗ ನನಗೆ ಅನಿಸುತ್ತದೆ. ಅಂದರೆ ಪದದೊಳಗೆ ಇರುವುದು ಕೇಳಿಸಿಕೊಂಡವರ ಕಿವಿ.

ಆ ಕಿವಿಯ ಪಾಡಿಗೆ ಮಾತ್ರ ಹೆಸರು ಸಿಗುತ್ತಿಲ್ಲ. ‘ಕಿರಿಕಿರಿ’ ತುಂಬ ಸಡಿಲ, ಕಣ್ಣಿಗೆ ಕಸ ಬಿದ್ದರೂ ಕಿರಿಕಿರಿಯೇ. ‘ರೇಜಿಗೆ’ಯಲ್ಲಿ ಬೇಸರ ಇದೆ, ಬೆಚ್ಚುವುದು ಇಲ್ಲ. ‘ಮೈ ಜುಮ್ಮೆನ್ನುವುದು’ ಹತ್ತಿರ ಬರುತ್ತದೆ, ಆದರೆ ಖುಷಿಗೂ ಮೈ ಜುಮ್ಮೆನ್ನುತ್ತದೆ. ಕೆಲವು ಸದ್ದುಗಳನ್ನು ತಡೆಯಲಾಗದ ಈ ಸ್ಥಿತಿಗೆ 2001ರಲ್ಲಿ ಮಿಸೊಫೋನಿಯಾ ಅಂತ ಹೆಸರಿಟ್ಟರು. ಗ್ರೀಕಿನಲ್ಲಿ ಮಿಸೋಸ್ ಅಂದರೆ ದ್ವೇಷ, ಫೋನೆ ಅಂದರೆ ಸದ್ದು. ಇದನ್ನು ‘ಸದ್ದುದ್ವೇಷ’ ಅಂತ ಕನ್ನಡಕ್ಕೆ ತರಲು ನನಗೆ ಮನಸ್ಸಿಲ್ಲ. ನೆಟಿಕೆ ಮುರಿಯುವವರು ಎಷ್ಟೋ ಸಲ ನನಗೆ ತುಂಬ ಬೇಕಾದವರೇ. ದ್ವೇಷ ಅಂದರೆ ಅವರಿಗೆ ನೋವಾಗುತ್ತದೆ. ಸುಮ್ನೆ ಇದ್ದರೆ ನನಗೆ ಹಿಂಸೆ.

ಎದೆಯುರಿ, ಹೊಟ್ಟೆಯುರಿ ಇರುವಾಗ ‘ಕಿವಿಯುರಿ’ ಅಂದರೆ ಹೇಗೆ? “ನನಗೆ ಸ್ವಲ್ಪ ಕಿವಿಯುರಿ, ಆಮೇಲೆ ಮುರೀತೀರಾ” ಅಂತ ಬೈಗುಳದ ಹಾಗೆ ಕೇಳಿಸದಂತೆ ಹೇಳಬಹುದು. ಕಿವಿನೋವು ಅಂತ ತಪ್ಪಾಗಿ ತಿಳಿಯುತ್ತಾರಾ? ನಿಮ್ಮ ಮಾತಿನಲ್ಲಿ ಇದಕ್ಕೆ ಹಳೆಯ ಪದವೇ ಇದ್ದರೆ ಇನ್ನೂ ಒಳ್ಳೆಯದು, ದಯವಿಟ್ಟು ತಿಳಿಸಿ. ಹಾಗೇ ಕತ್ತು, ಸೊಂಟ ಲಟಕ್ ಅನ್ನಿಸುವುದನ್ನೂ ನೀವು ನೆಟಿಕೆ ಅಂತಲೇ ಕರೆಯುತ್ತೀರಾ?