ಜರ್ನಲ್ ಲೇಖನ ಪೂರ್ತಿ ಓದಲು ಡಾಲರ್ ಕೇಳುತ್ತಿದೆ, ದಾರಿ ತಿಳಿದವರು ಹೇಳಿ

ಪ್ರಶ್ನೆ: ತಾಲ್ಲೂಕು ಕೇಂದ್ರದ ಸರ್ಕಾರಿ ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕಿ ನಾನು, ಜೊತೆಗೆ ಪಿಎಚ್.ಡಿ. ಮಾಡುತ್ತಿದ್ದೇನೆ. ಯಾವ ಲೇಖನ ತೆರೆದರೂ ಸಾರಾಂಶವಷ್ಟೇ ಕಾಣುತ್ತದೆ. ಮುಂದಕ್ಕೆ ಓದಬೇಕೆಂದರೆ 30 ಡಾಲರ್, 40 ಡಾಲರ್ ಕೇಳುತ್ತದೆ. ಏನು ಮಾಡಲಿ?

ಗ್ರಂಥಪಾಲಕಿ, ಸರ್ಕಾರಿ ಕಾಲೇಜು: ದುಡ್ಡು ಕಟ್ಟಬೇಡಿ ಮೇಡಂ, ನಿಮ್ಮ ಪರವಾಗಿ ಕೇಂದ್ರ ಸರ್ಕಾರ ಆಗಲೇ ಕಟ್ಟಿದೆ. ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯಲ್ಲಿ ಎಲ್ಸೆವಿಯರ್, ಸ್ಪ್ರಿಂಗರ್ ನೇಚರ್, ವೈಲಿ ಸೇರಿ 30 ಪ್ರಕಾಶಕರೊಂದಿಗೆ ಒಪ್ಪಂದವಾಗಿದೆ. ಸುಮಾರು 13,000 ಜರ್ನಲ್‌ಗಳು. 2025ರಿಂದ 2027ರವರೆಗೆ 6,000 ಕೋಟಿ ರೂಪಾಯಿ. ಮೊದಲು ಒಂದೊಂದು ಸಚಿವಾಲಯದ ಗ್ರಂಥಾಲಯ ಒಕ್ಕೂಟವೂ ತನ್ನ ಸಂಸ್ಥೆಗಳಿಗಷ್ಟೇ ಚಂದಾ ಕಟ್ಟುತ್ತಿತ್ತು. ಐಐಟಿಯವರು ಓದುತ್ತಿದ್ದ ಎಷ್ಟೋ ಜರ್ನಲ್‌ಗಳು ನಮ್ಮಂಥ ಕಾಲೇಜುಗಳ ಕೈಗೆ ಎಟುಕುತ್ತಿರಲಿಲ್ಲ. ಈಗ ಕೇಂದ್ರ, ರಾಜ್ಯ ಎರಡೂ ಸರ್ಕಾರಗಳ ಉನ್ನತ ಶಿಕ್ಷಣ ಸಂಸ್ಥೆಗಳು ಇದರೊಳಗಿವೆ.

ಆದರೆ ನಿಮ್ಮ ಕಾಲೇಜು ಯೋಜನೆಯ ಪೋರ್ಟಲ್‌ನಲ್ಲಿ ನೋಂದಣಿಯಾಗಿರಬೇಕು. ಕಾಲೇಜಿನ ಪರವಾಗಿ ಇದನ್ನು ನೋಡಿಕೊಳ್ಳುವ ನೋಡಲ್ ಅಧಿಕಾರಿ ಯಾರೆಂದು ನಾಳೆಯೇ ಪ್ರಾಂಶುಪಾಲರನ್ನು ಕೇಳಿ. ಯಾರೂ ಇಲ್ಲದಿದ್ದರೆ ನೇಮಿಸುವಂತೆ ಪಟ್ಟು ಹಿಡಿಯಿರಿ, ಸಂಕೋಚ ಬೇಡ. ಮನೆಯಿಂದ ಓದಲು ಇನ್‌ಫೆಡ್ ಲಾಗಿನ್ ಬೇಕು. ನೀವು ಯಾವ ಕಾಲೇಜಿನವರೆಂದು ಪ್ರಕಾಶಕರಿಗೆ ಖಾತ್ರಿಪಡಿಸುವ ವ್ಯವಸ್ಥೆ ಅದು, ವಿಶ್ವವಿದ್ಯಾಲಯ ಗ್ರಂಥಾಲಯಗಳನ್ನು ಜೋಡಿಸುವ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುತ್ತದೆ. ಲೇಖನದ ಪುಟದಲ್ಲಿ ಸಂಸ್ಥೆಯ ಮೂಲಕ ಪ್ರವೇಶಿಸುವ ಕೊಂಡಿ ಒತ್ತಿ, ಕಾಲೇಜಿನ ಹೆಸರು ಆರಿಸಿ ಲಾಗಿನ್ ಆದರೆ ಪಿಡಿಎಫ್ ತೆರೆದುಕೊಳ್ಳುತ್ತದೆ. ನಮ್ಮಲ್ಲಿ ಸೂಚನಾ ಫಲಕದಲ್ಲಿ ಹಾಕಿದ್ದನ್ನು ಯಾರೂ ಓದಲಿಲ್ಲ. ಸ್ಟಾಫ್ ರೂಮಿಗೇ ಹೋಗಿ, ಒಬ್ಬೊಬ್ಬರ ಮೊಬೈಲ್‌ನಲ್ಲೂ ಲಾಗಿನ್ ಮಾಡಿಸಿದ ಮೇಲೆ ಬಳಕೆ ಶುರುವಾಯಿತು.

ಸಂಶೋಧನಾ ವಿದ್ಯಾರ್ಥಿ: ಪಿಎಚ್.ಡಿ.ಗೆ ನೋಂದಾಯಿಸಿರುವುದು ಸರ್ಕಾರಿ ವಿಶ್ವವಿದ್ಯಾಲಯವಾದರೆ ಅಲ್ಲಿನ ಗ್ರಂಥಾಲಯದಲ್ಲೂ ಲಾಗಿನ್ ಕೇಳಿ ಮೇಡಂ. ಒಂದು ಎಚ್ಚರಿಕೆ: ತಂತ್ರಾಂಶ ಹಾಕಿ ಸಂಚಿಕೆಗಟ್ಟಲೆ ಇಳಿಸಿಕೊಳ್ಳಬೇಡಿ. ನಮ್ಮಲ್ಲಿ ಒಬ್ಬರು ಹಾಗೆ ಮಾಡಿ, ಪ್ರಕಾಶಕರು ಇಡೀ ಕ್ಯಾಂಪಸ್ಸಿನ ಪ್ರವೇಶವನ್ನೇ ತಡೆಹಿಡಿದರು.

ಉಪನ್ಯಾಸಕ, ಖಾಸಗಿ ಕಾಲೇಜು: ಯೋಜನೆಯ ಮೊದಲ ಹಂತದಲ್ಲಿ ನಮಗೆ ಜಾಗವಿಲ್ಲ. ನಮ್ಮಲ್ಲಿ ಓದುವವರೂ ಹಳ್ಳಿಯ ಮಕ್ಕಳೇ. ಅವರನ್ನು ಹೊರಗಿಟ್ಟಿದ್ದು ಸರಿಯಲ್ಲ ಎಂದು ಸಿಕ್ಕ ವೇದಿಕೆಯಲ್ಲೆಲ್ಲ ಹೇಳುತ್ತಿದ್ದೇನೆ. ನಮ್ಮಂಥವರು ಬ್ರೌಸರ್‌ನಲ್ಲಿ ಅನ್‌ಪೇವಾಲ್ ಎಂಬ ಪುಟ್ಟ ತಂತ್ರಾಂಶ ಹಾಕಿಕೊಳ್ಳಿ, ಉಚಿತ ಪ್ರತಿ ಎಲ್ಲಾದರೂ ಇದ್ದರೆ ತೋರಿಸುತ್ತದೆ. ಇಲ್ಲದಿದ್ದರೆ ಲೇಖಕರಿಗೇ ಇಮೇಲ್ ಬರೆಯಿರಿ. ನನಗಂತೂ ಹೆಚ್ಚಿನವರು ಕಳಿಸಿಕೊಟ್ಟಿದ್ದಾರೆ. ಭಾರತದ ಬಹಳಷ್ಟು ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಜಾಲತಾಣದಲ್ಲಿ ಎಲ್ಲರಿಗೂ ಉಚಿತ.